ಬೆಳಗಾವಿಯ ಅಂತರ ಮಹಾವಿದ್ಯಾಲಯ ಕ್ರೀಡಾಕೂಟ: ಯಾವ ಕಾಲೇಜು ಯಾರೊಡನೆ ಆಡುತ್ತದೆ?

ಬೆಳಗಾವಿ: ನಗರದ ಶಿವಬಸವ ನಗರದಲ್ಲಿ ಎಸ್.ಜಿ. ಬಾಳೇಕುಂದ್ರಿ ತಾಂತ್ರಿಕ ಮಹಾವಿದ್ಯಾಲಯವಿದೆ. ಅದಕ್ಕೆ ಹೊಂದಿಕೊಂಡ ನೆಹರೂ ನಗರದಲ್ಲಿ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯವಿದೆ. ಜಿಲ್ಲಾ ಕ್ರೀಡಾಂಗಣವೂ ಅದೇ ಪರಿಸರದಲ್ಲಿದೆ. ನಡೆದು ಹೋಗಬಹುದಾದಷ್ಟು ಸಮೀಪದಲ್ಲಿರುವ ಈ ಎರಡು ಕಾಲೇಜುಗಳ ತಂಡಗಳು ವಿಶ್ವವಿದ್ಯಾಲಯ ಮಟ್ಟದ ಅಧಿಕೃತ ಅಂತರ ಮಹಾವಿದ್ಯಾಲಯ ಪಂದ್ಯದಲ್ಲಿ ಎದುರಾಗುವುದಿಲ್ಲ. ಮೊದಲನೆಯದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕ್ರೀಡಾಕೂಟಕ್ಕೆ ಸೇರಿದ್ದರೆ, ಎರಡನೆಯದು ಕೆಎಲ್ಇ ಪರಿಗಣಿತ ವಿಶ್ವವಿದ್ಯಾಲಯಕ್ಕೆ ಸೇರಿದೆ. ಇತ್ತ 26 ಕಿ.ಮೀ. ದೂರದ ಖಾನಾಪುರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಆಟಗಾರ ಸುಮಾರು 200 ಕಿ.ಮೀ. ಆಚೆಯ ವಿಜಯಪುರದ ಕಾಲೇಜಿನೊಡನೆ ಸೆಣಸಬೇಕಾಗುತ್ತದೆ. ಅವರಿಬ್ಬರೂ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದವರು.

ಕಾಲೇಜು ಕ್ರೀಡೆಯಲ್ಲಿ ಯಾರು ಯಾರೊಡನೆ ಆಡಬೇಕೆಂಬುದನ್ನು ನೆರೆಹೊರೆ ತೀರ್ಮಾನಿಸುವುದಿಲ್ಲ, ಸಂಯೋಜನೆ ತೀರ್ಮಾನಿಸುತ್ತದೆ. ಈ ವ್ಯವಸ್ಥೆ ರೂಪುಗೊಂಡ ಬಗೆ, ಅದರ ಸದಸ್ಯ ಕಾಲೇಜುಗಳು, ಆಯ್ಕೆಯ ಮೆಟ್ಟಿಲುಗಳು ಹಾಗೂ ವಿದ್ಯಾರ್ಥಿಯ ಉದ್ಯೋಗದ ಮೇಲೆ ಅದು ಬೀರುವ ಪರಿಣಾಮಗಳನ್ನು ಇಲ್ಲಿ ಸಂಗ್ರಹಿಸಿ ಕೊಡಲಾಗಿದೆ.

ಅಮೆರಿಕದ ಮಾದರಿ, ನಮ್ಮ ಮಾದರಿ

ಅಮೆರಿಕದಲ್ಲಿ ಕಾಲೇಜುಗಳೇ ಕೂಡಿಕೊಂಡು ತಮ್ಮ ತಮ್ಮಲ್ಲಿ ಆಡುವ ಕೂಟಗಳನ್ನು ಕಟ್ಟಿಕೊಂಡಿವೆ. ಅಲ್ಲಿ ಇವುಗಳಿಗೆ 'ಕಾನ್ಫರೆನ್ಸ್' ಎನ್ನುತ್ತಾರೆ. 1896ರಲ್ಲಿ ಸ್ಥಾಪನೆಯಾದ 'ಬಿಗ್ ಟೆನ್' ಇವುಗಳಲ್ಲಿ ಹಳೆಯದು. ಇಂತಹ ಕೂಟದಲ್ಲಿ ಸದಸ್ಯತ್ವ ಐಚ್ಛಿಕ. ಕಾಲೇಜು ಬಯಸಿದರೆ ಒಂದನ್ನು ಬಿಟ್ಟು ಮತ್ತೊಂದನ್ನು ಸೇರಬಹುದು. 2024ರಲ್ಲಿ ಶಾಂತ ಸಾಗರ ತೀರದ ನಾಲ್ಕು ವಿಶ್ವವಿದ್ಯಾಲಯಗಳು ಸೇರಿಕೊಂಡು 'ಬಿಗ್ ಟೆನ್' ಸದಸ್ಯರ ಸಂಖ್ಯೆ 18ಕ್ಕೆ ಏರಿತು. ದೂರದರ್ಶನ ಪ್ರಸಾರದಿಂದ ಬರುವ ಹಣ ಈ ವಲಸೆಗೆ ಮುಖ್ಯ ಕಾರಣವಾಗಿತ್ತು.

ಭಾರತದಲ್ಲಿ ಇಂತಹ ಪ್ರತ್ಯೇಕ ಕೂಟವಿಲ್ಲ. ಇಲ್ಲಿ ವಿಶ್ವವಿದ್ಯಾಲಯವೇ ಕೂಟ, ಅದಕ್ಕೆ ಸಂಯೋಜನೆ ಪಡೆದ ಕಾಲೇಜುಗಳೇ ಸದಸ್ಯರು. ಕಾಲೇಜು ಯಾವ ವಿಶ್ವವಿದ್ಯಾಲಯದ ಪದವಿ ಕೊಡಿಸುತ್ತದೆಯೋ ಆ ವಿಶ್ವವಿದ್ಯಾಲಯದ ಕ್ರೀಡಾಕೂಟದಲ್ಲಿಯೇ ಅದು ಆಡಬೇಕು. ಸದಸ್ಯತ್ವವನ್ನು ಬದಲಿಸುವ ಶಕ್ತಿ ಕ್ರೀಡೆಗೆ ಇಲ್ಲ. ವಿಧಾನ ಮಂಡಲದ ಕಾಯಿದೆ ಅಥವಾ ಸಂಸ್ಥೆಯ ಶೈಕ್ಷಣಿಕ ಸ್ಥಾನಮಾನ ಬದಲಾದಾಗ ಮಾತ್ರ ಕಾಲೇಜಿನ ಎದುರಾಳಿಗಳೂ ಬದಲಾಗುತ್ತಾರೆ. ಕಳೆದ ಮೂರು ದಶಕಗಳಲ್ಲಿ ಬೆಳಗಾವಿಯಲ್ಲಿ ನಡೆದದ್ದು ಇದೇ.

ಒಂದೇ ಅಂಗಳದಲ್ಲಿ ಆಡಿದ ಕಾಲ

ಬೆಳಗಾವಿಯ ಉನ್ನತ ಶಿಕ್ಷಣದ ಆರಂಭಿಕ ಕಾಲೇಜುಗಳು ಮುಂಬಯಿ ವಿಶ್ವವಿದ್ಯಾಲಯದ ಅಧೀನದಲ್ಲಿದ್ದವು. 1916ರಲ್ಲಿ ಸ್ಥಾಪನೆಯಾದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ (ಕೆಎಲ್ಇ) 1933ರಲ್ಲಿ ಲಿಂಗರಾಜ ಕಾಲೇಜನ್ನು ಆರಂಭಿಸಿತು. ಶಿರಸಂಗಿಯ ಲಿಂಗರಾಜ ದೇಸಾಯಿ ಅವರ ಹೆಸರನ್ನು ಅದಕ್ಕೆ ಇಡಲಾಯಿತು. ಕರ್ನಾಟಕ ಲಾ ಸೊಸೈಟಿಯ ರಾಜಾ ಲಖಮಗೌಡ ಕಾನೂನು ಕಾಲೇಜು 1939ರಲ್ಲಿಯೂ, ರಾಣಿ ಪಾರ್ವತಿ ದೇವಿ (ಆರ್‌ಪಿಡಿ) ಕಾಲೇಜು 1945ರಲ್ಲಿಯೂ ಆರಂಭವಾದವು.

1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂದು ಧಾರವಾಡವನ್ನು ತನ್ನ ನೆಲೆಯಾಗಿಸಿಕೊಂಡಿತು. ಅಂದಿನಿಂದ ಬೆಳಗಾವಿಯ ಕಾಲೇಜುಗಳ ಕ್ರೀಡಾ ಜೀವನ ಧಾರವಾಡದೊಂದಿಗೆ ಬೆಸೆದುಕೊಂಡಿತು. 1963ರಲ್ಲಿ ಆರಂಭವಾದ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯ, 1979ರಲ್ಲಿ ತಲೆಯೆತ್ತಿದ ಗೋಗಟೆ ತಾಂತ್ರಿಕ ಮಹಾವಿದ್ಯಾಲಯ (ಜಿಐಟಿ) ಹಾಗೂ ಕೆಎಲ್ಇ ಸಂಸ್ಥೆಯ ಎಂಜಿನಿಯರಿಂಗ್ ಕಾಲೇಜು ಇವೆಲ್ಲವೂ ಕರ್ನಾಟಕ ವಿಶ್ವವಿದ್ಯಾಲಯಕ್ಕೇ ಸೇರಿದ್ದವು. ವೈದ್ಯ, ಎಂಜಿನಿಯರ್, ವಕೀಲ, ಕಲಾ ಪದವೀಧರ ಹೀಗೆ ಯಾವ ವೃತ್ತಿಯ ಹಾದಿಯಲ್ಲಿದ್ದ ವಿದ್ಯಾರ್ಥಿಯೇ ಆಗಲಿ, ಒಂದೇ ಕ್ರೀಡಾಕೂಟದ ಒಂದೇ ಓಟದ ಪಥದಲ್ಲಿ ನಿಲ್ಲುವ ಅವಕಾಶವಿತ್ತು.

ಆ ಕೂಟದ ವ್ಯಾಪ್ತಿ ಬಲು ದೊಡ್ಡದು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಪ್ರತ್ಯೇಕವಾಗುವವರೆಗೆ ಬೀದರ್‌ನಿಂದ ಕಾರವಾರದವರೆಗಿನ ಕಾಲೇಜುಗಳು ಅದರಲ್ಲಿದ್ದವು. ಇಷ್ಟು ವಿಸ್ತಾರದ ವಿಶ್ವವಿದ್ಯಾಲಯದ ತಂಡದಲ್ಲಿ ಸ್ಥಾನ ಪಡೆಯುವುದು ಸುಲಭವಾಗಿರಲಿಲ್ಲ. ಹಾಗೆ ಆಯ್ಕೆಯಾದವನನ್ನು 'ಯೂನಿವರ್ಸಿಟಿ ಬ್ಲೂ' ಎಂದು ಕರೆಯುವ ರೂಢಿ ಇಂದಿಗೂ ಉಳಿದಿದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಆ ಮಾತಿಗೆ ಪದವಿಯಷ್ಟೇ ಗೌರವವಿದೆ.

ಕೂಟ ಒಡೆದ ಬಗೆ

ಒಂದಾಗಿದ್ದ ಕೂಟವು ಎರಡು ಬಗೆಯಲ್ಲಿ ಒಡೆಯಿತು. ಮೊದಲನೆಯದು ವೃತ್ತಿಯ ಆಧಾರದ ವಿಭಜನೆ, ಎರಡನೆಯದು ಪ್ರದೇಶದ ಆಧಾರದ ವಿಭಜನೆ. ಮುಖ್ಯ ಘಟ್ಟಗಳು ಹೀಗಿವೆ:

1996: ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬೆಂಗಳೂರಿನಲ್ಲಿ ಸ್ಥಾಪನೆ. ರಾಜ್ಯದ ವೈದ್ಯಕೀಯ ಕಾಲೇಜುಗಳು ಹಳೆಯ ವಿಶ್ವವಿದ್ಯಾಲಯಗಳಿಂದ ಅದಕ್ಕೆ ವರ್ಗಾವಣೆ.

1998: ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಬೆಳಗಾವಿಯಲ್ಲಿಯೇ ಕೇಂದ್ರ ಕಚೇರಿ ಹೊಂದಿ ಆರಂಭ. ಎಂಜಿನಿಯರಿಂಗ್ ಕಾಲೇಜುಗಳು ಅದರ ವ್ಯಾಪ್ತಿಗೆ ಸೇರ್ಪಡೆ.

2003: ವಿಜಯಪುರದಲ್ಲಿ ರಾಜ್ಯ ಮಹಿಳಾ ವಿಶ್ವವಿದ್ಯಾಲಯ ಸ್ಥಾಪನೆ. ಇಂದು ಇದು ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ. ಉತ್ತರ ಕರ್ನಾಟಕದ ಮಹಿಳಾ ಕಾಲೇಜುಗಳಿಗೆ ಪ್ರತ್ಯೇಕ ಕೂಟ.

2006: ಕೆಎಲ್ಇ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗೆ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನಮಾನ. ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯ ಅದರ ಘಟಕ.

2009: ಹುಬ್ಬಳ್ಳಿಯಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಆರಂಭ. ಕಾನೂನು ಕಾಲೇಜುಗಳು ಅತ್ತ.

2010: ಭೂತರಾಮನಹಟ್ಟಿಯಲ್ಲಿದ್ದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಗಿ ಬಡ್ತಿ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಅದರ ವ್ಯಾಪ್ತಿಗೆ.

2023: ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಆರಂಭ. ಬಾಗಲಕೋಟೆ ಜಿಲ್ಲೆಯ ಕಾಲೇಜುಗಳು ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಿಂದ ಪ್ರತ್ಯೇಕ.

ಇವುಗಳಲ್ಲಿ ಯಾವ ನಿರ್ಧಾರವೂ ಕ್ರೀಡೆಯನ್ನು ಮುಂದಿಟ್ಟುಕೊಂಡು ಆದದ್ದಲ್ಲ. ಪರೀಕ್ಷೆ, ಪಠ್ಯಕ್ರಮ, ಆಡಳಿತದ ಹೊರೆ ಇವೇ ಕಾರಣಗಳಾಗಿದ್ದವು. ಆದರೂ ಪ್ರತಿ ವಿಭಜನೆಯೊಂದಿಗೆ ಕ್ರೀಡಾಕೂಟದ ಸದಸ್ಯರ ಪಟ್ಟಿ ಬದಲಾಯಿತು.

ಇಂದಿನ ಸದಸ್ಯ ಕಾಲೇಜುಗಳು

ಬೆಳಗಾವಿ ನಗರ ಹಾಗೂ ಖಾನಾಪುರದ ಪ್ರಮುಖ ಕಾಲೇಜುಗಳನ್ನು ಅವು ಆಡುವ ಕೂಟದ ಪ್ರಕಾರ ಹೀಗೆ ವಿಂಗಡಿಸಬಹುದು. ಇದು ಸಂಪೂರ್ಣ ಪಟ್ಟಿಯಲ್ಲ, ಓದುಗರಿಗೆ ಚಿತ್ರ ಸ್ಪಷ್ಟವಾಗಲೆಂದು ಕೊಟ್ಟಿರುವ ಮಾದರಿ.

ರಾಣಿ ಚನ್ನಮ್ಮ ವಿಶ್ವವಿದ್ಯಾಲಯ: ಲಿಂಗರಾಜ ಕಾಲೇಜು, ರಾಜಾ ಲಖಮಗೌಡ ವಿಜ್ಞಾನ ಸಂಸ್ಥೆ (ಆರ್‌ಎಲ್ಎಸ್), ರಾಣಿ ಪಾರ್ವತಿ ದೇವಿ ಕಾಲೇಜು, ಗೋವಿಂದರಾಮ ಸೆಕ್ಸಾರಿಯಾ ವಿಜ್ಞಾನ ಕಾಲೇಜು (ಜಿಎಸ್ಎಸ್), ಗೋಗಟೆ ವಾಣಿಜ್ಯ ಕಾಲೇಜು, ಭಾವುರಾವ್ ಕಾಕತ್ಕರ್ ಕಾಲೇಜು, ವಿಶ್ವವಿದ್ಯಾಲಯದ ಘಟಕವಾದ ಸಂಗೊಳ್ಳಿ ರಾಯಣ್ಣ ಪ್ರಥಮ ದರ್ಜೆ ಮಹಾವಿದ್ಯಾಲಯ, ಖಾನಾಪುರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಮೊದಲಾದವು. ಕಲೆ, ವಾಣಿಜ್ಯ, ವಿಜ್ಞಾನ ಪದವಿಗಳ ಈ ಕೂಟವೇ ವಿದ್ಯಾರ್ಥಿ ಸಂಖ್ಯೆಯಲ್ಲಿ ಜಿಲ್ಲೆಯಲ್ಲಿ ಅತಿ ದೊಡ್ಡದು. ಗ್ರಾಮೀಣ ಕ್ರೀಡಾಪಟುಗಳು ಹೆಚ್ಚಾಗಿ ಬರುವುದೂ ಇಲ್ಲಿಗೇ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ: ಗೋಗಟೆ ತಾಂತ್ರಿಕ ಮಹಾವಿದ್ಯಾಲಯ, ಎಸ್.ಜಿ. ಬಾಳೇಕುಂದ್ರಿ ತಾಂತ್ರಿಕ ಮಹಾವಿದ್ಯಾಲಯ, ಮರಾಠಾ ಮಂಡಳ ಎಂಜಿನಿಯರಿಂಗ್ ಕಾಲೇಜು, ಅಂಗಡಿ ತಾಂತ್ರಿಕ ಮತ್ತು ವ್ಯವಸ್ಥಾಪನಾ ಸಂಸ್ಥೆ, ಜೈನ್ ಎಂಜಿನಿಯರಿಂಗ್ ಕಾಲೇಜು. ಇಲ್ಲಿ ಸದಸ್ಯರು ರಾಜ್ಯದಾದ್ಯಂತ ಹರಡಿರುವುದರಿಂದ ಬೆಳಗಾವಿ, ಬೆಂಗಳೂರು, ಕಲಬುರಗಿ, ಮೈಸೂರು ಎಂಬ ನಾಲ್ಕು ಪ್ರಾದೇಶಿಕ ವಿಭಾಗಗಳಿವೆ.

ಕೆಎಲ್ಇ ಸಮೂಹ: ವೈದ್ಯಕೀಯ ಮಹಾವಿದ್ಯಾಲಯ ಪರಿಗಣಿತ ವಿಶ್ವವಿದ್ಯಾಲಯದಲ್ಲಿದೆ. ಹಿಂದೆ ವಿಟಿಯು ಸದಸ್ಯನಾಗಿದ್ದ ಡಾ. ಎಂ.ಎಸ್. ಶೇಷಗಿರಿ ಎಂಜಿನಿಯರಿಂಗ್ ಕಾಲೇಜು ಇದೀಗ ಹುಬ್ಬಳ್ಳಿಯ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯದ ಬೆಳಗಾವಿ ಆವರಣವಾಗಿದೆ. ಗೋಗಟೆ ತಾಂತ್ರಿಕ ಮಹಾವಿದ್ಯಾಲಯ ಹಾಗೂ ಈ ಕಾಲೇಜು ಒಂದೇ ವರ್ಷ ಹುಟ್ಟಿದವು. ಇಂದು ಅವು ಬೇರೆ ಬೇರೆ ಕೂಟಗಳಲ್ಲಿವೆ.

ಇತರೆ: ಸರ್ಕಾರಿ ಸಂಸ್ಥೆಯಾದ ಬೆಳಗಾವಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಬಿಮ್ಸ್) ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿದೆ. ರಾಜಾ ಲಖಮಗೌಡ ಕಾನೂನು ಕಾಲೇಜು ರಾಜ್ಯ ಕಾನೂನು ವಿಶ್ವವಿದ್ಯಾಲಯದಲ್ಲಿದೆ.

ಒಟ್ಟಾರೆ ಒಂದೇ ನಗರದ ಕಾಲೇಜುಗಳು ಕನಿಷ್ಠ ಆರು ಕೂಟಗಳಲ್ಲಿ ಹಂಚಿಹೋಗಿವೆ. ಲಖಮಗೌಡರ ಹೆಸರನ್ನೇ ಹೊತ್ತ ಕಾನೂನು ಕಾಲೇಜು ಹಾಗೂ ವಿಜ್ಞಾನ ಸಂಸ್ಥೆ ಸಹ ಬೇರೆ ಬೇರೆ ವಿಶ್ವವಿದ್ಯಾಲಯಗಳ ಪರವಾಗಿ ಕಣಕ್ಕಿಳಿಯುತ್ತವೆ.

ಕ್ರೀಡಾಕೂಟ ನಡೆಯುವ ರೀತಿ

ಶೈಕ್ಷಣಿಕ ವರ್ಷದ ಆರಂಭದಲ್ಲಿ ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ವಿಭಾಗ ವೇಳಾಪಟ್ಟಿ ಸಿದ್ಧಪಡಿಸುತ್ತದೆ. ಒಂದೊಂದು ಆಟದ ಆತಿಥ್ಯವನ್ನು ಒಂದೊಂದು ಕಾಲೇಜು ವಹಿಸಿಕೊಳ್ಳುತ್ತದೆ. ಕಬಡ್ಡಿ ಒಂದೂರಿನಲ್ಲಿ, ಖೋಖೋ ಮತ್ತೊಂದೂರಿನಲ್ಲಿ, ಕುಸ್ತಿ ಇನ್ನೊಂದೂರಿನಲ್ಲಿ ನಡೆಯುವುದು ಇದರಿಂದಲೇ. ಕೆಲವು ಆಟಗಳಿಗೆ ಮೊದಲು ವಲಯ ಮಟ್ಟದ ಪಂದ್ಯಗಳು, ಬಳಿಕ ಅಂತರ ವಲಯ ಪಂದ್ಯಗಳು ಜರುಗುತ್ತವೆ. ಸ್ಪರ್ಧಿಗಳು ಕಡಿಮೆ ಇರುವ ಆಟಗಳನ್ನು 'ಏಕವಲಯ' ಪಂದ್ಯಾವಳಿಯಾಗಿ ಒಂದೇ ಬಾರಿಗೆ ಮುಗಿಸಲಾಗುತ್ತದೆ.

ಅಥ್ಲೆಟಿಕ್ಸ್ ಕೂಟಕ್ಕೆ ವಿಶೇಷ ಮೆರುಗಿದೆ. ಓಟ, ಜಿಗಿತ, ಎಸೆತಗಳಲ್ಲಿ ಮೊದಲ ಸ್ಥಾನಗಳಿಗೆ ದೊರೆತ ಅಂಕಗಳನ್ನು ಕೂಡಿಸಿ ಕಾಲೇಜಿಗೆ ಸಮಗ್ರ ವೀರಾಗ್ರಣಿ ಪ್ರಶಸ್ತಿಯನ್ನೂ, ಅತಿ ಹೆಚ್ಚು ಅಂಕ ಗಳಿಸಿದ ಪುರುಷ ಹಾಗೂ ಮಹಿಳಾ ಕ್ರೀಡಾಪಟುಗಳಿಗೆ ವೈಯಕ್ತಿಕ ವೀರಾಗ್ರಣಿ ಪ್ರಶಸ್ತಿಯನ್ನೂ ನೀಡುವುದು ವಾಡಿಕೆ. ಪಂದ್ಯಗಳು ನಡೆಯುವಾಗಲೇ ಆಯ್ಕೆ ಸಮಿತಿ ವಿಶ್ವವಿದ್ಯಾಲಯ ತಂಡಕ್ಕೆ ಸಂಭಾವ್ಯರನ್ನು ಗುರುತಿಸುತ್ತದೆ. ಅವರಿಗೆ ತರಬೇತಿ ಶಿಬಿರ ನಡೆದು ಅಂತಿಮ ತಂಡ ಪ್ರಕಟವಾಗುತ್ತದೆ.

ಇಲ್ಲಿಯೇ ನಮ್ಮ ವ್ಯವಸ್ಥೆಯ ಮುಖ್ಯ ಇಕ್ಕಟ್ಟು ಇದೆ. ತಂಡ ಆಟಗಳಲ್ಲಿ ಬಹುಪಾಲು ಪಂದ್ಯಾವಳಿಗಳು ಸೋತವರು ಹೊರಹೋಗುವ ಪದ್ಧತಿಯಲ್ಲಿ ನಡೆಯುತ್ತವೆ. 16 ತಂಡಗಳ ಇಂತಹ ಪಂದ್ಯಾವಳಿಯಲ್ಲಿ ಒಟ್ಟು 15 ಪಂದ್ಯಗಳು ಮಾತ್ರ ನಡೆಯುತ್ತವೆ, ಅರ್ಧದಷ್ಟು ತಂಡಗಳು ಒಂದೇ ಪಂದ್ಯ ಆಡಿ ಮನೆಗೆ ಮರಳುತ್ತವೆ. ಅದೇ 8 ತಂಡಗಳ ಲೀಗ್ ಇದ್ದರೆ 28 ಪಂದ್ಯಗಳು ನಡೆಯುತ್ತವೆ, ಪ್ರತಿ ತಂಡಕ್ಕೂ 7 ಪಂದ್ಯಗಳು ಸಿಗುತ್ತವೆ. ಖಾನಾಪುರದ ಕಬಡ್ಡಿ ತಂಡವೊಂದು ಬೆಳಗಿನ ಬಸ್ಸು ಹಿಡಿದು ಹೋಗಿ, ನಲವತ್ತು ನಿಮಿಷದ ಆಟದಲ್ಲಿ ಸೋತರೆ ಆ ವರ್ಷದ ಅಧಿಕೃತ ಕ್ರೀಡೆ ಅಲ್ಲಿಗೆ ಮುಗಿಯಿತು. ಆಯ್ಕೆ ಸಮಿತಿ ಆ ತಂಡದ ಉತ್ತಮ ಆಟಗಾರನನ್ನು ನೋಡುವುದೂ ಆ ನಲವತ್ತು ನಿಮಿಷಗಳಲ್ಲಿಯೇ. ಅಮೆರಿಕದ ಕೂಟಗಳ ಬಲ ಅವುಗಳ ವೈಭವದಲ್ಲಿಲ್ಲ; ಒಂದೇ ಎದುರಾಳಿಗಳೊಡನೆ ಋತುವಿಡೀ ಮರಳಿ ಮರಳಿ ಆಡುವ ನಿಯಮದಲ್ಲಿದೆ.

ಮಳೆ, ಮಣ್ಣು, ಮ್ಯಾಟ್

ಕಾಲಮಾನವೂ ಇಲ್ಲಿ ಗಮನಿಸಬೇಕಾದ ವಿಷಯ. ಖಾನಾಪುರ ತಾಲ್ಲೂಕಿನ ಪಶ್ಚಿಮ ಭಾಗ ಸಹ್ಯಾದ್ರಿಯ ಮಡಿಲಲ್ಲಿದೆ. ಮಲಪ್ರಭಾ ನದಿ ಹುಟ್ಟುವ ಕಣಕುಂಬಿ ಇರುವುದು ಇದೇ ತಾಲ್ಲೂಕಿನಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನಗಳು ಕೆಸರಾಗಿರುತ್ತವೆ. ಸೆಮಿಸ್ಟರ್ ಪದ್ಧತಿ ಬಂದ ಮೇಲೆ ಮಳೆ ನಿಲ್ಲುವುದಕ್ಕೂ ಆಂತರಿಕ ಪರೀಕ್ಷೆ ಸಮೀಪಿಸುವುದಕ್ಕೂ ನಡುವೆ ದೊರೆಯುವ ಅಭ್ಯಾಸದ ದಿನಗಳು ಕೆಲವೇ. ಒಳಾಂಗಣ ಸೌಲಭ್ಯವಿರುವ ನಗರದ ಕಾಲೇಜಿಗೆ ಇದು ದೊಡ್ಡ ಅಡ್ಡಿಯಲ್ಲ, ಬಯಲನ್ನೇ ನಂಬಿದ ತಾಲ್ಲೂಕು ಕಾಲೇಜಿಗೆ ಹೌದು.

ಕಬಡ್ಡಿಯ ಉನ್ನತ ಪಂದ್ಯಗಳು ಈಗ ಮ್ಯಾಟ್ ಮೇಲೆ ನಡೆಯುತ್ತವೆ. ಮಣ್ಣಿನ ಅಂಕಣದಲ್ಲಿ ಬರಿಗಾಲಿನಲ್ಲಿ ಕಲಿತವನಿಗೆ ಮ್ಯಾಟ್ ಮೇಲೆ ಬೂಟು ತೊಟ್ಟು ತಿರುಗುವುದು ಹೊಸ ವಿದ್ಯೆ. ಕುಸ್ತಿಯಲ್ಲಿಯೂ ಹಾಗೆಯೇ. ಬೆಳಗಾವಿ ಸೀಮೆಯಲ್ಲಿ ಗರಡಿಮನೆ ಹಾಗೂ ತಾಲೀಮುಗಳ ಪರಂಪರೆ ಆಳವಾಗಿ ಬೇರೂರಿದೆ. ಜಾತ್ರೆಯ ಕೆಮ್ಮಣ್ಣಿನ ಕಣದಲ್ಲಿ ಗೆದ್ದ ಪೈಲ್ವಾನ ವಿಶ್ವವಿದ್ಯಾಲಯದ ಕೂಟದಲ್ಲಿ ತೂಕದ ವರ್ಗ, ಅಂಕ, ಕಾಲಮಿತಿಗಳ ಬೇರೆಯೇ ಲೆಕ್ಕಾಚಾರಕ್ಕೆ ಒಗ್ಗಿಕೊಳ್ಳಬೇಕು.

ಕಾಲೇಜಿನಿಂದ ಅಖಿಲ ಭಾರತ ಮಟ್ಟಕ್ಕೆ

ವಿಶ್ವವಿದ್ಯಾಲಯಗಳ ನಡುವಣ ಪಂದ್ಯಗಳನ್ನು ಭಾರತೀಯ ವಿಶ್ವವಿದ್ಯಾಲಯಗಳ ಸಂಘ (ಎಐಯು) ನಡೆಸುತ್ತದೆ. 1925ರಲ್ಲಿ ಅಂತರ ವಿಶ್ವವಿದ್ಯಾಲಯ ಮಂಡಳಿಯಾಗಿ ಆರಂಭವಾದ ಈ ಸಂಸ್ಥೆಗೆ 1973ರಲ್ಲಿ ಈಗಿನ ಹೆಸರು ಬಂತು. ದೇಶವನ್ನು ಅದು ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ನಾಲ್ಕು ವಲಯಗಳಾಗಿ ವಿಂಗಡಿಸಿದೆ. ಕರ್ನಾಟಕ, ತಮಿಳುನಾಡು, ಕೇರಳ, ಆಂಧ್ರಪ್ರದೇಶ, ತೆಲಂಗಾಣಗಳ ವಿಶ್ವವಿದ್ಯಾಲಯಗಳು ದಕ್ಷಿಣ ವಲಯದಲ್ಲಿವೆ.

ತಂಡ ಆಟಗಳಲ್ಲಿ ಮೊದಲು ವಲಯ ಪಂದ್ಯಾವಳಿ ನಡೆಯುತ್ತದೆ. ಆರಂಭಿಕ ಸುತ್ತುಗಳಲ್ಲಿ ಸೋತವರು ಹೊರನಡೆದು ಉಳಿದ ನಾಲ್ಕು ತಂಡಗಳು ಲೀಗ್ ಆಡುವುದು ರೂಢಿ. ಈ ನಾಲ್ಕು ತಂಡಗಳು ಅಖಿಲ ಭಾರತ ಹಂತಕ್ಕೆ ಹೋಗುತ್ತವೆ. ಅಥ್ಲೆಟಿಕ್ಸ್‌ನಂತಹ ವೈಯಕ್ತಿಕ ಸ್ಪರ್ಧೆಗಳಲ್ಲಿ ವಲಯ ಹಂತವಿಲ್ಲದೆ ನೇರವಾಗಿ ಅಖಿಲ ಭಾರತ ಕೂಟ ನಡೆದು ಬಂದಿದೆ. ಕ್ರೀಡೆಯಲ್ಲಿ ಒಟ್ಟಾರೆ ಮುಂಚೂಣಿಯಲ್ಲಿರುವ ವಿಶ್ವವಿದ್ಯಾಲಯಕ್ಕೆ ನೀಡುವ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿ 1956-57ರಲ್ಲಿ ಆರಂಭವಾಯಿತು.

2020ರಲ್ಲಿ ಭುವನೇಶ್ವರದಲ್ಲಿ ಮೊದಲ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ನಡೆಯಿತು. ಎರಡನೆಯ ಕೂಟ 2022ರ ಏಪ್ರಿಲ್-ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಜರುಗಿ, ಆತಿಥೇಯ ಜೈನ್ ವಿಶ್ವವಿದ್ಯಾಲಯ ಪದಕ ಪಟ್ಟಿಯಲ್ಲಿ ಅಗ್ರಸ್ಥಾನ ಪಡೆಯಿತು. ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಮುಂಚೂಣಿಯಲ್ಲಿ ನಿಂತವರಿಗಷ್ಟೇ ಇಲ್ಲಿ ಪ್ರವೇಶ. ಹೀಗಾಗಿ ಕಾಲೇಜು ಮೈದಾನದಿಂದ ರಾಷ್ಟ್ರೀಯ ವೇದಿಕೆಗೆ ಹೋಗುವ ಈ ಏಣಿಯಲ್ಲಿ ಅಂತರ ಮಹಾವಿದ್ಯಾಲಯ ಕೂಟವೇ ಮೊದಲ ಮೆಟ್ಟಿಲು.

ಒಂದು ಕಾಲೇಜು ಇಡೀ ವಿಶ್ವವಿದ್ಯಾಲಯದ ಹೆಸರನ್ನು ಎತ್ತಿಹಿಡಿಯಬಲ್ಲದು ಎಂಬುದಕ್ಕೆ ಮೂಡುಬಿದಿರೆ ಉದಾಹರಣೆ. 2020ರ ಜನವರಿಯಲ್ಲಿ ಅಲ್ಲಿನ ಸ್ವರಾಜ್ ಮೈದಾನದಲ್ಲಿ ನಡೆದ 80ನೇ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಕೂಟದಲ್ಲಿ ಮಂಗಳೂರು ವಿಶ್ವವಿದ್ಯಾಲಯ ಸಮಗ್ರ ಪ್ರಶಸ್ತಿ ಗೆದ್ದಿತು. ಅದರ ಬಲದ ಬಹುಪಾಲು ಆಳ್ವಾಸ್ ಕಾಲೇಜಿನ ಕ್ರೀಡಾಪಟುಗಳದ್ದಾಗಿತ್ತು. ಕ್ರೀಡಾಪಟುಗಳಿಗೆ ಊಟ, ವಸತಿ, ಶಿಕ್ಷಣವನ್ನು ಒಂದೇ ಆವರಣದಲ್ಲಿ ಒದಗಿಸಿ ವರ್ಷವಿಡೀ ತರಬೇತಿ ಕೊಡುವುದು ಅಲ್ಲಿಯ ಪದ್ಧತಿ.

ಗಡಿಯ ಆಚೆಗಿನ ನೆರೆಯವರು

ಬೆಳಗಾವಿಯಂತಹ ಗಡಿ ಜಿಲ್ಲೆಗೆ ವಲಯಗಳ ಈ ಹಂಚಿಕೆ ವಿಚಿತ್ರ ಪರಿಣಾಮ ತಂದಿದೆ. ಮಹಾರಾಷ್ಟ್ರ ಹಾಗೂ ಗೋವಾ ಪಶ್ಚಿಮ ವಲಯದಲ್ಲಿವೆ. ಬೆಳಗಾವಿಯಿಂದ ಸುಮಾರು 110 ಕಿ.ಮೀ. ದೂರದ ಕೊಲ್ಹಾಪುರದಲ್ಲಿ 1962ರಿಂದ ಶಿವಾಜಿ ವಿಶ್ವವಿದ್ಯಾಲಯವಿದೆ. ಬೆಳಗಾವಿ ತಾಲ್ಲೂಕಿಗೆ ಹೊಂದಿಕೊಂಡ ಚಂದಗಡದ ಕಾಲೇಜುಗಳು ಅದಕ್ಕೆ ಸೇರಿವೆ. ಕುಸ್ತಿಯಲ್ಲಿ ಕೊಲ್ಹಾಪುರದ ತಾಲೀಮುಗಳಿಗೂ ಬೆಳಗಾವಿಯ ಗರಡಿಗಳಿಗೂ ತಲೆಮಾರುಗಳ ಒಡನಾಟವಿದೆ. ಎರಡೂ ಕಡೆಯ ಪೈಲ್ವಾನರು ಜಾತ್ರೆಯ ಕಣದಲ್ಲಿ ಕೈಕೈ ಮಿಲಾಯಿಸುತ್ತಾರೆ. ಆದರೆ ತಂಡ ಆಟಗಳ ವಲಯ ಪಂದ್ಯಾವಳಿಯಲ್ಲಿ ಅವರ ಕಾಲೇಜುಗಳು ಎದುರಾಗುವುದಿಲ್ಲ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ತಂಡ ನೆರೆಯ ಕೊಲ್ಹಾಪುರವನ್ನು ಬಿಟ್ಟು ತಮಿಳುನಾಡು, ಕೇರಳದವರೆಗೆ ರೈಲು ಹತ್ತಬೇಕಾಗುತ್ತದೆ.

ಕನ್ನಡಿಗರು ಹೆಚ್ಚಾಗಿರುವ ಅಕ್ಕಲಕೋಟೆಯ ಪರಿಸ್ಥಿತಿಯೂ ಇಂತಹದೇ. ಅಲ್ಲಿನ ಕಾಲೇಜು ವಿದ್ಯಾರ್ಥಿ 2004ರಲ್ಲಿ ಸ್ಥಾಪನೆಯಾದ ಸೊಲ್ಲಾಪುರ ವಿಶ್ವವಿದ್ಯಾಲಯದ ಪರವಾಗಿ ಪಶ್ಚಿಮ ವಲಯದಲ್ಲಿ ಆಡುತ್ತಾನೆ. ನೆರೆಯ ವಿಜಯಪುರದ ಅವನ ಸೋದರ ಸಂಬಂಧಿ ದಕ್ಷಿಣ ವಲಯದಲ್ಲಿ ಆಡುತ್ತಾನೆ.

ಒಂದು ಪ್ರಮಾಣಪತ್ರದ ಬೆಲೆ

ಈ ಎಲ್ಲ ವಿಂಗಡಣೆ ಕೇವಲ ಆಡಳಿತದ ಸಂಗತಿಯಾಗಿದ್ದರೆ ಇಷ್ಟು ವಿವರ ಬೇಕಿರಲಿಲ್ಲ. ಗ್ರಾಮೀಣ ಕುಟುಂಬಗಳಿಗೆ ಇದು ಉದ್ಯೋಗದ ಪ್ರಶ್ನೆ.

ಕೇಂದ್ರ ಸರ್ಕಾರಿ ಉದ್ಯೋಗಗಳಲ್ಲಿ ಕ್ರೀಡಾ ಮೀಸಲಾತಿಗೆ ಸಂಬಂಧಿಸಿ ಸಿಬ್ಬಂದಿ ಮತ್ತು ತರಬೇತಿ ಇಲಾಖೆ 2013ರ ಅಕ್ಟೋಬರ್ 3ರಂದು ಕ್ರೋಡೀಕೃತ ಸೂಚನೆ ಹೊರಡಿಸಿತು. ಅದರ ಪ್ರಕಾರ ಅಂತಾರಾಷ್ಟ್ರೀಯ ಹಾಗೂ ರಾಷ್ಟ್ರೀಯ ಮಟ್ಟದ ಕ್ರೀಡಾಪಟುಗಳ ನಂತರ, ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗಳಲ್ಲಿ ತಮ್ಮ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿ ಮೊದಲ ಮೂರು ಸ್ಥಾನ ಪಡೆದವರಿಗೆ ಆದ್ಯತೆ ಇದೆ. ಪದಕ ಬಾರದಿದ್ದರೂ ಪ್ರತಿನಿಧಿಸಿದವರನ್ನು ಅನಂತರದ ಸಾಲಿನಲ್ಲಿ ಪರಿಗಣಿಸಲಾಗುತ್ತದೆ. ಇದನ್ನು ದೃಢೀಕರಿಸುವ 'ನಮೂನೆ-3' ಪ್ರಮಾಣಪತ್ರಕ್ಕೆ ವಿಶ್ವವಿದ್ಯಾಲಯದ ಕ್ರೀಡಾ ಹೊಣೆ ಹೊತ್ತ ಅಧಿಕಾರಿಯೇ ಸಹಿ ಹಾಕಬೇಕು. ಕಾಲೇಜಿನ ಪ್ರಾಂಶುಪಾಲರ ಸಹಿ ಸಾಲದು.

ಇದರ ಅರ್ಥ ಸ್ಪಷ್ಟ. ಅಂತರ ಮಹಾವಿದ್ಯಾಲಯ ಕೂಟದಲ್ಲಿ ಗೆದ್ದ ಫಲಕ ಕಾಲೇಜಿನ ಕಪಾಟಿಗೆ ಶೋಭೆ. ಈ ನಿಯಮದ ಪ್ರಕಾರ ವಿದ್ಯಾರ್ಥಿಗೆ ಅದರಿಂದ ಪ್ರಯೋಜನವಿಲ್ಲ. ವಿಶ್ವವಿದ್ಯಾಲಯದ ಕಬಡ್ಡಿ ತಂಡದ ಕೊನೆಯ ಸ್ಥಾನಕ್ಕೆ ಆಯ್ಕೆಯಾದವನಿಗೂ, ಆ ಸ್ಥಾನ ತಪ್ಪಿಸಿಕೊಂಡವನಿಗೂ ಆಟದಲ್ಲಿ ಕೂದಲೆಳೆಯ ಅಂತರವಿರಬಹುದು. ಅಂಚೆ ಇಲಾಖೆಯ ನೇಮಕಾತಿ ಪ್ರಕಟವಾದಾಗ ಮೊದಲನೆಯವನಿಗೆ ಅರ್ಜಿ ಹಾಕುವ ಅರ್ಹತೆ ಇರುತ್ತದೆ, ಎರಡನೆಯವನಿಗೆ ಇರುವುದಿಲ್ಲ.

ವಿಭಜನೆಯ ಲಾಭ ನಷ್ಟಗಳನ್ನು ತೂಗಬೇಕಾದದ್ದೂ ಈ ತಕ್ಕಡಿಯಲ್ಲಿಯೇ. ಒಂದು ವಿಶ್ವವಿದ್ಯಾಲಯ ಇದ್ದಲ್ಲಿ ಒಂದೇ ತಂಡ, ಆರು ಇದ್ದಲ್ಲಿ ಆರು ತಂಡಗಳು. ಧಾರವಾಡದ ಕೂಟ ಒಂದೇ ಇದ್ದಾಗ ಅವಕಾಶ ಸಿಗದೆ ಉಳಿಯುತ್ತಿದ್ದ ಎಷ್ಟೋ ಯುವಕ, ಯುವತಿಯರಿಗೆ 2010ರ ನಂತರ ವಿಶ್ವವಿದ್ಯಾಲಯದ ಸಮವಸ್ತ್ರ ತೊಡುವ ಬಾಗಿಲು ತೆರೆದಿದೆ. ಇದು ನಿಜವಾದ ಲಾಭ. ಆದರೆ ಚಿಕ್ಕ ಕೂಟದಲ್ಲಿ ಸ್ಪರ್ಧೆಯ ಮಟ್ಟವೂ ತಗ್ಗುತ್ತದೆ. ಬಲವಾದ ಎದುರಾಳಿಗಳನ್ನು ಕಾಣದೆ ತಂಡ ಸೇರಿದವರು ದಕ್ಷಿಣ ವಲಯದ ಮೊದಲ ಸುತ್ತಿನಲ್ಲಿಯೇ ಎಡವಿದರೆ, ಕೈಗೆ ಸಿಗುವುದು ಭಾಗವಹಿಸಿದ ಪ್ರಮಾಣಪತ್ರ ಮಾತ್ರ. ಅವಕಾಶ ಹೆಚ್ಚಿತು, ಅಭ್ಯಾಸಕ್ಕೆ ಬೇಕಾದ ಎದುರಾಳಿಗಳು ಕಡಿಮೆಯಾದರು.

ಕಾಲೇಜಿನ ಹೊರಗಿನ ದಾರಿ

ಬೆಳಗಾವಿಯ ಹೆಸರಾಂತ ಕ್ರೀಡಾಪಟುಗಳೆಲ್ಲ ಕಾಲೇಜು ಕೂಟದಿಂದಲೇ ಬಂದವರೆಂದು ಹೇಳಲಾಗದು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ಹಾಕಿ ತಂಡದಲ್ಲಿದ್ದ ಬಂಡು ಪಾಟೀಲ ಬೆಳಗಾವಿಯವರು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಕುರಾಶ್ ಸ್ಪರ್ಧೆಯ 52 ಕೆ.ಜಿ. ವಿಭಾಗದಲ್ಲಿ ಕಂಚು ಗೆದ್ದ ಮಲಪ್ರಭಾ ಜಾಧವ ನಗರದ ಸಮೀಪದ ತುರಮುರಿಯವರು. ಅವರು ಜೂಡೊ ಕಲಿತದ್ದು ರಾಜ್ಯ ಕ್ರೀಡಾ ಇಲಾಖೆಯ ಬೆಳಗಾವಿ ಕ್ರೀಡಾ ವಸತಿನಿಲಯದ ವ್ಯವಸ್ಥೆಯಲ್ಲಿ. ಶಾಲಾ ವಯಸ್ಸಿನಲ್ಲಿಯೇ ಪ್ರತಿಭೆಯನ್ನು ಗುರುತಿಸಿ ನಿತ್ಯ ತರಬೇತಿ ಕೊಡುವ ವಸತಿನಿಲಯಗಳು ಉನ್ನತ ಸಾಧನೆಗೆ ಹೆಚ್ಚು ಅನುಕೂಲ. ಅಂತರ ಮಹಾವಿದ್ಯಾಲಯ ಕೂಟದ ಕೆಲಸ ಬೇರೆ: ಹಾಗೆ ಆಯ್ಕೆಯಾಗದೆ ಉಳಿದ, ಪಿಯುಸಿ ಮುಗಿಸಿ ಊರ ಹತ್ತಿರದ ಕಾಲೇಜು ಸೇರಿದ ಬಹುಸಂಖ್ಯಾತರಿಗೆ ಎರಡನೆಯ ಅವಕಾಶ ಒದಗಿಸುವುದು.

ಮತ್ತೆ ಒಂದೇ ಅಂಗಳಕ್ಕೆ?

ವಿಶ್ವವಿದ್ಯಾಲಯಗಳನ್ನು ಮತ್ತೆ ಒಂದುಗೂಡಿಸುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಆದರೆ ಅಧಿಕೃತ ಕೂಟಗಳ ಜೊತೆಗೆ ನಗರದ ಕಾಲೇಜುಗಳು ತಮ್ಮತಮ್ಮಲ್ಲೇ ಲೀಗ್ ಪಂದ್ಯಗಳನ್ನು ಆಡಿದರೆ ಕೊರತೆ ಬಹುಮಟ್ಟಿಗೆ ನೀಗುತ್ತದೆ. ಸಂಸ್ಥೆಗಳ ಸಂಸ್ಥಾಪಕರ ಹೆಸರಿನಲ್ಲಿ ಆಹ್ವಾನಿತ ಪಂದ್ಯಾವಳಿ ನಡೆಸುವ ಸಂಪ್ರದಾಯ ಉತ್ತರ ಕರ್ನಾಟಕದಲ್ಲಿ ಈಗಾಗಲೇ ಇದೆ. ಅದು ಎರಡು ದಿನಗಳ ಉತ್ಸವವಾಗಿ ಮುಗಿಯದೆ, ಮಳೆಗಾಲ ಮುಗಿದ ಮೇಲೆ ವಾರಕ್ಕೊಂದು ಪಂದ್ಯದಂತೆ ಮುಂದುವರಿಯಬೇಕು. ಎಂಜಿನಿಯರಿಂಗ್ ಕಾಲೇಜಿನ ತಂಡ ಕಲಾ ಕಾಲೇಜಿನ ಅಂಗಳಕ್ಕೆ, ನಗರದ ತಂಡ ಖಾನಾಪುರದ ಮೈದಾನಕ್ಕೆ ಹೋಗಿ ಆಡುವಂತಾಗಬೇಕು. ಬಸ್ಸಿನ ಖರ್ಚು ಕಡಿಮೆ, ಅಭ್ಯಾಸ ಹೆಚ್ಚು. ಇದಕ್ಕೆ ಹೊಸ ಕಾಯಿದೆಯೇನೂ ಬೇಕಿಲ್ಲ. ದೈಹಿಕ ಶಿಕ್ಷಣ ನಿರ್ದೇಶಕರು ಒಟ್ಟಿಗೆ ಕುಳಿತು ವೇಳಾಪಟ್ಟಿ ಸಿದ್ಧಪಡಿಸಿದರೆ, ಪ್ರಾಂಶುಪಾಲರು ಒಪ್ಪಿಗೆ ಕೊಟ್ಟರೆ ಸಾಕು.

ವಿದ್ಯಾರ್ಥಿಗಳು, ಪಾಲಕರು ಗಮನಿಸಬೇಕಾದ ಅಂಶಗಳು

* ಕಾಲೇಜು ಸೇರುವ ಮುನ್ನ ಅದು ಯಾವ ವಿಶ್ವವಿದ್ಯಾಲಯಕ್ಕೆ ಸಂಯೋಜನೆ ಪಡೆದಿದೆ, ಆ ವಿಶ್ವವಿದ್ಯಾಲಯ ನಿಮ್ಮ ಆಟದಲ್ಲಿ ತಂಡ ಕಳುಹಿಸುತ್ತದೆಯೇ ಎಂಬುದನ್ನು ವಿಚಾರಿಸಿ. ಹೆಸರು ಒಂದೇ ಇರುವ ಸಂಸ್ಥೆಗಳು ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿ ಇರಬಹುದು.

* ಪೂರ್ಣಕಾಲಿಕ ವಿದ್ಯಾರ್ಥಿಗಳಿಗೆ ಮಾತ್ರ ಅಂತರ ವಿಶ್ವವಿದ್ಯಾಲಯ ಪಂದ್ಯಗಳಲ್ಲಿ ಅವಕಾಶ. ವಯೋಮಿತಿಯೂ ಇದೆ. ಆ ವರ್ಷದ ನಿಯಮಾವಳಿಯನ್ನು ದೈಹಿಕ ಶಿಕ್ಷಣ ನಿರ್ದೇಶಕರಿಂದ ತಿಳಿದುಕೊಳ್ಳಿ.

* ಎಸ್ಸೆಸ್ಸೆಲ್ಸಿ ಹಾಗೂ ಪಿಯುಸಿ ಅಂಕಪಟ್ಟಿ, ಕಾಲೇಜಿನ ಗುರುತಿನ ಚೀಟಿ, ಪ್ರವೇಶ ಶುಲ್ಕದ ರಸೀದಿಗಳನ್ನು ಸಿದ್ಧವಾಗಿಟ್ಟುಕೊಳ್ಳಿ. ಜನ್ಮದಿನಾಂಕದಲ್ಲಿ ವ್ಯತ್ಯಾಸವಿದ್ದರೆ ಅರ್ಹತಾ ಪರಿಶೀಲನೆಯಲ್ಲಿ ತೊಂದರೆಯಾಗುತ್ತದೆ.

* ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದ ವರ್ಷದಲ್ಲಿಯೇ ಪ್ರಮಾಣಪತ್ರ ಪಡೆದುಕೊಳ್ಳಿ. ಪದವಿ ಮುಗಿದು ವರ್ಷಗಳಾದ ಮೇಲೆ ದಾಖಲೆ ಹುಡುಕಿಸುವುದು ಕಷ್ಟ. ನಿಮ್ಮ ಕಾಲೇಜು ಅಷ್ಟರೊಳಗೆ ಬೇರೆ ವಿಶ್ವವಿದ್ಯಾಲಯಕ್ಕೆ ಸೇರಿದ್ದರೆ ಇನ್ನೂ ಕಷ್ಟ.

* ಪಂದ್ಯಗಳಿಗೆ ಹೋದ ದಿನಗಳ ಹಾಜರಾತಿ ಪರಿಗಣನೆಗೆ ಮುಂಚಿತವಾಗಿಯೇ ಲಿಖಿತ ಅನುಮತಿ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಪರೀಕ್ಷೆಯ ಹೊತ್ತಿಗೆ ನೆರವಿಗೆ ಬರುವುದಿಲ್ಲ.